ಬಿಸಿಲಿಗೆ ಕಟ್ಟಿದ ಕಡಜ

ನಾನು ಒಂದು ಡಿವಿಡಿ. ಅಂಗೈಯಗಲದ ಬಿಲ್ಲೆ, ನಡುವೆ ಒಂದು ತೂತು. ನಿಮಗೆಲ್ಲ ಹುಟ್ಟಿದ ಮೇಲೆ ಹಣೆಬರಹ ಬರೆಯುತ್ತಾರಂತೆ. ನನಗೆ ಅಷ್ಟು ಪುರಸೊತ್ತು ಕೊಡಲಿಲ್ಲ. ಕಾದ ಪ್ಲಾಸ್ಟಿಕ್ಕನ್ನು ಅಚ್ಚಿನಲ್ಲಿ ಒತ್ತಿದ ಏಟಿಗೇ ನಾನೂ ಹುಟ್ಟಿದೆ, ಹಣೆಬರಹವೂ ಮೈಮೇಲೆ ಮೂಡಿತು. ಅದರ ಮೇಲೆ ಬೆಳ್ಳಿಯ ಬಣ್ಣ ಬಂತು. ಬೆನ್ನಿಗೆ ಒಂದು ಚಿತ್ರ ಅಂಟಿತು: ಕೆಂಪು ಜಾಕೀಟಿನ ಹುಡುಗಿ, ಕೈಯಲ್ಲಿ ಪಿಸ್ತೂಲು, ಮುಖದಲ್ಲಿ ಹಲ್ಲುನೋವು ಬಂದವರ ಕಳೆ. ಕೆಳಗೆ ಹೆಸರು, ‘ಏಜೆಂಟ್ ಕಡಜ: ಹೊಸ ಅವತಾರ’.

ಹಳೆಯ ಅವತಾರ ಯಾವುದೆಂದು ಹೇಳಿಬಿಡುತ್ತೇನೆ. ನಿಮ್ಮ ಅಮ್ಮಂದಿರು ಇನ್ನೂ ಲಂಗ ತೊಟ್ಟು ಓಡಾಡುತ್ತಿದ್ದ ಕಾಲದಲ್ಲಿ ಏಜೆಂಟ್ ಕಡಜ ಎಂಬ ಬೇಹುಗಾರ್ತಿಯ ಸಿನಿಮಾಗಳು ಒಂದರ ಹಿಂದೆ ಒಂದು ಬಂದಿದ್ದವು. ಕೆಂಪು ಜಾಕೀಟಿನ ಹೆಂಗಸು ತಾರಸಿಯಿಂದ ತಾರಸಿಗೆ ಹಾರಿ ಕಳ್ಳಸಾಗಣೆಯವರ ಹಲ್ಲುದುರಿಸುತ್ತಿದ್ದಳು. ಟೆಂಟಿನಲ್ಲಿ ನೆಲದ ಮೇಲೆ ಕೂತ ಜನ ಶಿಳ್ಳೆ ಹೊಡೆದು ಗಂಟಲು ಕಟ್ಟಿಸಿಕೊಂಡು ಮನೆಗೆ ಹೋಗುತ್ತಿದ್ದರು. ಆ ಸಿನಿಮಾಗಳ ನಿರ್ಮಾಪಕರು ತೀರಿಕೊಂಡ ಮೇಲೆ ಅವರ ಮಗ ಅಭಿರಾಮ ಅದೇ ಹೆಸರಿಟ್ಟುಕೊಂಡು ಹೊಸದು ತೆಗೆದ. ಅಪ್ಪನ ಕಥೆ, ಅಪ್ಪನ ಹೆಸರು, ಅಪ್ಪನ ಆಸ್ತಿ. ಅವನ ಸ್ವಂತದ್ದೆಂದರೆ ಕಪ್ಪು ಕನ್ನಡಕ ಒಂದೇ. ಅವನ ಕಡಜಕ್ಕೆ ಕೊಂಡಿಯೇ ಇರಲಿಲ್ಲ. ನಾಯಕಿ ವಿದೇಶದಲ್ಲಿ ಹಾಡು ಹೇಳುತ್ತಾಳೆ, ವಿಲನ್ನು ಕೂತಲ್ಲೇ ಕೂತು ಲ್ಯಾಪ್‌ಟಾಪ್ ಒತ್ತುತ್ತಾನೆ, ಕೊನೆಗೆ ಇಬ್ಬರಿಗೂ ಬೇಸರ ಬಂದು ಕಥೆ ಮುಗಿಯುತ್ತದೆ. ಥಿಯೇಟರಿನವರು ಬೇಗನೆ ಕೈತೊಳೆದುಕೊಂಡರು. ಉಳಿದ ಅವಮಾನವನ್ನು ಮನೆ ಮನೆಗೆ ಹೊರುವ ಕೆಲಸ ನನ್ನ ಪಾಲಿಗೆ ಬಂತು.

ನನ್ನ ಮೊದಲ ಮನೆ ಮೈಸೂರಿನ ಹಳೇ ಬೀದಿಯೊಂದರ ಪ್ಯಾರಡೈಸ್ ವಿಡಿಯೋ. ಅದರ ಮಾಲೀಕ ಜಬೀವುಲ್ಲಾ ಒಳ್ಳೆಯವನು, ಬಾಡಿಗೆಗೆ ಕೊಡುವ ಮುನ್ನ ಪ್ರತಿ ಬಿಲ್ಲೆಯನ್ನೂ ಅಂಗಿಯ ತುದಿಯಿಂದ ಒರೆಸುತ್ತಿದ್ದ. ಸಂಜೆ ಒಯ್ದವರು ಬೆಳಿಗ್ಗೆಯೇ ನನ್ನನ್ನು ತಂದು ಬಿಸಾಡುತ್ತಿದ್ದರು. ‘ಏನ್ರೀ ಇದು, ಇಂಥದ್ದು ಕೊಟ್ಟಿದ್ದೀರಲ್ಲಾ!’ ಎಂದು ಬೈಯುತ್ತಿದ್ದದ್ದು ಜಬೀವುಲ್ಲಾನನ್ನು, ಉಗುರಿನಲ್ಲಿ ಗೀರುತ್ತಿದ್ದದ್ದು ನನ್ನನ್ನು. ಮಾಡಿದವನು ಎಲ್ಲೋ ಹಾಯಾಗಿದ್ದ. ಆಗಿನಿಂದಲೇ ನನಗೆ ಅಭಿರಾಮನ ಮೇಲೆ ಹಲ್ಲು ಕಡಿಯುವಷ್ಟು ಸಿಟ್ಟು. ಹಲ್ಲಿಲ್ಲದ್ದರಿಂದ ಸುಮ್ಮನಿದ್ದೆ.

ಒಂದು ದಿನ ಚೆನ್ನಾಜಮ್ಮ ಅಂಗಡಿಗೆ ಬಂದರು. ಅರವತ್ತು ದಾಟಿದ ಹೆಂಗಸು, ಅಗಲ ಭುಜ, ಎಡಗಾಲು ಎಳೆದು ಹಾಕುವ ನಡಿಗೆ.

‘ನಮ್ಮ ಕಡಜ ಬಂದೈತಂತಲ್ಲಾ ಜಬೀ. ಕೊಡಪ್ಪ ಇಲ್ಲಿ.’

‘ಬಂದಿದೆ ಚೆನ್ನಾಜಮ್ಮ. ಆದ್ರೆ ನೋಡ್ದೋರು ಯಾರೂ ಚೆನ್ನಾಗಿದೆ ಅಂದಿಲ್ಲ.’

‘ಚೆನ್ನಾಗಿರದು ಕಟ್ಕಂಡು ನಂಗೇನು? ಮೊದ್ಲು ಬರೋ ಹೆಸ್ರು ನೋಡ್ಬೇಕು, ಅಷ್ಟೇ.’

ದಾರಿಯುದ್ದಕ್ಕೂ ಅವರು ನನ್ನನ್ನು ಎದೆಗೆ ಒತ್ತಿಕೊಂಡಿದ್ದರು. ಅಲ್ಲಿಯವರೆಗೆ ನನ್ನನ್ನು ಯಾರೂ ಹಾಗೆ ಹಿಡಿದಿರಲಿಲ್ಲ.

ಮಧ್ಯಾಹ್ನ ಅವರ ಮನೆಯಲ್ಲಿ ಬೀದಿಯ ಹೆಂಗಸರೆಲ್ಲ ಸೇರಿದರು. ಚೆನ್ನಾಜಮ್ಮ ಚುರುಮುರಿ ಕಲಸಿಟ್ಟಿದ್ದರು, ಟಿವಿಯ ಮೇಲಿನ ಬಟ್ಟೆ ಒಗೆದು ಹಾಕಿದ್ದರು. ಕಾಲಿನ ದೆಸೆಯಿಂದ ದೂರದ ಥಿಯೇಟರಿಗೆ ಹೋಗಲಾಗದೆ ಇಷ್ಟು ದಿನ ಕಾದಿದ್ದರಂತೆ. ಶುರುವಾಗುವ ಮುಂಚೆ ಕಥೆ ಹೇಳಿದರು. ಅವರಪ್ಪ ಇದೇ ಬೀದಿಯ ಗರಡಿಯ ಉಸ್ತಾದ್. ಗಂಡು ಮಕ್ಕಳಿಲ್ಲವೆಂದು ಮಗಳಿಗೇ ಮಣ್ಣು ಮೆತ್ತಿ ಸಾಮು ಮಾಡಿಸಿದವರು. ಆಗ ಸಿನಿಮಾದಲ್ಲಿ ನಾಯಕಿಯ ಹೊಡೆದಾಟ ಬಂದರೆ ಯಾರಾದರೂ ತೆಳ್ಳನೆಯ ಗಂಡಸನ್ನು ಹಿಡಿದು ವಿಗ್ ಹಾಕಿ, ಸೀರೆಯನ್ನೋ ಜಾಕೀಟನ್ನೋ ತೊಡಿಸಿ ಹಾರಿಸುವುದು ರೂಢಿ. ಡೂಪ್ ಎಂದರೆ ಅದೇ. ಆ ರೂಢಿ ಮುರಿದು ಹಳೆಯ ಕಡಜದ ಹಾರಾಟವನ್ನೆಲ್ಲ ಹಾರಿದವರು ಚೆನ್ನಾಜಮ್ಮ. ಕೊನೆಯ ಹಾರಾಟದಲ್ಲಿ ಕಾಲು ಮುರಿದು ಒಳಗೆ ರಾಡು ಕೂರಿಸಿದ್ದರು.

‘ಹೋದ ವರ್ಷ ಅಭಿರಾಮಪ್ಪ ನಮ್ಮನೆಗೇ ಬಂದಿದ್ದ ಕಣ್ರೇ. ತಾರಸಿ ಮ್ಯಾಲೆ ನಿಂತ್ಕಂಡು ಎಲ್ಲಾ ಕೇಳ್ದ. ನನ್ನ ಜಾಕೀಟು, ಫೋಟೋಗಳು ಎಲ್ಲಾ ತಗಂಡೋದ. ಪರದೆ ಮ್ಯಾಲೆ ಮೊದ್ಲು ನಿಮ್ಮ ಹೆಸರೇ ಬರೋದು ಅಮ್ಮ ಅಂದ.’

ನಾನು ಪ್ಲೇಯರಿನ ಹೊಟ್ಟೆಯೊಳಗೆ ತಿರುಗತೊಡಗಿದೆ. ಮುಂದೇನಿದೆ ಎಂದು ನನಗೆ ಗೊತ್ತಿತ್ತು. ನಿಂತುಬಿಡೋಣವೆಂದು ಬಹಳ ಹೆಣಗಿದೆ, ಆಗಲಿಲ್ಲ. ಮೊದಲು ದೇವರ ಚಿತ್ರ ಬಂತು, ಆಮೇಲೆ ಅಭಿರಾಮನ ಅಪ್ಪನ ಚಿತ್ರ, ಆಮೇಲೆ ಅಭಿರಾಮನ ಹೆಸರು, ಹೊಗೆಯ ನಡುವೆ ದೊಡ್ಡದಾಗಿ. ಚೆನ್ನಾಜಮ್ಮನ ಹೆಸರು ಮೊದಲೂ ಬರಲಿಲ್ಲ, ಸಿನಿಮಾ ಮುಗಿದು ಚಹಾ ತಂದವನ ಹೆಸರು ಹೋಗುವಾಗಲೂ ಬರಲಿಲ್ಲ. ಅಷ್ಟು ಹೊತ್ತಿಗೆ ಚುರುಮುರಿ ಮೆತ್ತಗಾಗಿತ್ತು.

ಎದುರುಮನೆ ವಿಶಾಲಾಕ್ಷಿ ರಿಮೋಟು ಕೈಗೆತ್ತಿಕೊಂಡಳು. ‘ತಡೀರಿ, ಇನ್ನೂ ಏನೋ ಇದೆ. ಸಿನಿಮಾ ಮಾಡಿದ್ದು ಹೇಗೆ ಅಂತ ಇದೆ. ಅದ್ರಲ್ಲಿ ನಿಮ್ಮ ಹೆಸ್ರು ಹೇಳಿರ್ತಾರೆ.’

ಒತ್ತಿದಳು. ಅಭಿರಾಮ ಕನ್ನಡಕ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದ. ‘ಆ ಕಾಲದಲ್ಲಿ ಗಂಡಸರಿಗೆ ವಿಗ್ ಹಾಕಿ ಹಾರಿಸೋರು. ಹಳೇ ಕಡಜ ಅಂತ ನೀವೆಲ್ಲ ಚಪ್ಪಾಳೆ ತಟ್ಟಿದ್ದು ಒಬ್ಬ ವಿಗ್ ಹಾಕಿದ ಗಂಡಸಿಗೆ. ನಿಜವಾಗಿ ಒಬ್ಬ ಹೆಣ್ಣುಮಗಳು ಹಾರಿರೋದು ನಮ್ಮ ಸಿನಿಮಾದಲ್ಲೇ ಮೊದಲು’ ಎಂದ. ಹಾಗೆನ್ನುವಾಗ ಅವನ ಹಿಂದಿನ ಗೋಡೆಗೆ ನೇತುಹಾಕಿದ್ದದ್ದು ಚೆನ್ನಾಜಮ್ಮನ ಜಾಕೀಟು.

ಹೆಂಗಸರೆಲ್ಲ ಚೆನ್ನಾಜಮ್ಮನ ಕಡೆ ತಿರುಗಿದರು. ಕೊನೆಗೆ ವಿಶಾಲಾಕ್ಷಿಯೇ ಕೇಳಿದಳು, ‘ಹಂಗಾದ್ರೆ ಹಾರಿದ್ದು ನೀವಲ್ವಾ ಚೆನ್ನಾಜಮ್ಮ?’

ತೋರಿಸಲು ಅವರ ಬಳಿ ಒಂದು ಫೋಟೋವೂ ಉಳಿದಿರಲಿಲ್ಲ. ಒಬ್ಬೊಬ್ಬರಾಗಿ ಎದ್ದು ಹೋದರು. ವಾರ ಕಳೆಯುವುದರೊಳಗೆ ಬೀದಿಯಲ್ಲಿ ಅವರಿಗೆ ‘ವಿಗ್ಗಮ್ಮ’ ಎಂಬ ಹೆಸರು ಬಿತ್ತು. ಆ ಕಾಲು ಬಚ್ಚಲಲ್ಲಿ ಜಾರಿ ಮುರಿದದ್ದಿರಬೇಕು ಎಂದು ನಲ್ಲಿಯ ಹತ್ತಿರ ಯಾರೋ ಅಂದದ್ದು ಅವರ ಕಿವಿಗೂ ಬಿತ್ತು. ಹೆಂಗಸು ಊಟ ಬಿಟ್ಟು ಮಲಗಿದರು. ನನಗಾದ ಸಂಕಟ ಹೇಳತೀರದು. ಆ ಸುಳ್ಳು ನನ್ನ ಹೊಟ್ಟೆಯೊಳಗಿತ್ತು, ಎಷ್ಟು ಸಲ ತಿರುಗಿಸಿದರೂ ಅಷ್ಟು ಸಲ ಅದನ್ನೇ ಒಪ್ಪಿಸಬೇಕಿತ್ತು. ಅಭಿರಾಮನ ಕಣ್ಣಿಗೆ ಒಂದು ದಿನವಾದರೂ ಮುಳ್ಳಾಗಬೇಕು ಎಂದು ಅವತ್ತೇ ತೀರ್ಮಾನಿಸಿದೆ. ಬಿಲ್ಲೆಯ ತೀರ್ಮಾನಕ್ಕೆ ಏನು ಬೆಲೆ ಅನ್ನುತ್ತೀರಿ. ಕೇಳಿ.

ಹಾಸಿಗೆ ಬಿಟ್ಟೆದ್ದ ದಿನ ಚೆನ್ನಾಜಮ್ಮ ನನ್ನನ್ನು ಮರಳಿಸಲು ಅಂಗಡಿಗೆ ಹೋದರೆ ಜಬೀವುಲ್ಲಾ ತಲೆ ತಗ್ಗಿಸಿದ. ‘ನೀವೇ ಇಟ್ಕೊಳಿ ಚೆನ್ನಾಜಮ್ಮ. ನನ್ ಅಂಗಡೀಲಿ ಇದು ಇರೋದು ಬೇಡ.’ ಮನೆಗೆ ತಂದು ನನ್ನನ್ನು ಒಲೆಗೆ ಹಾಕುತ್ತಾರೆಂದುಕೊಂಡೆ. ಹಾಕಲಿಲ್ಲ. ಮೈಸೂರಿನಲ್ಲಿ ಪಾರಿವಾಳಗಳ ಕಾಟ ಗೊತ್ತಲ್ಲ. ಒಣಹಾಕಿದ ಸಂಡಿಗೆಯನ್ನು ಅವು ಉಳಿಸುವುದಿಲ್ಲ. ಹಳೆಯ ಸಿಡಿಗಳನ್ನು ದಾರಕ್ಕೆ ಪೋಣಿಸಿ ತಾರಸಿಯ ಮೇಲೆ ಕಟ್ಟಿದರೆ ಗಾಳಿಗೆ ತಿರುಗಿ ಫಳಫಳಿಸುತ್ತವೆ, ಪಾರಿವಾಳ ಹೆದರಿ ಓಡುತ್ತವೆ. ಚೆನ್ನಾಜಮ್ಮ ನನ್ನ ತೂತಿಗೆ ದಾರ ಹಾಕಿ, ಪಶ್ಚಿಮದ ಮೂಲೆಯ ಕಂಬಕ್ಕೆ ಬಿಗಿದರು.

‘ನನ್ನ ಹೆಸ್ರು ನುಂಗಿದ್ದೀಯಲ್ಲಾ, ಕಾಯಿ ಬಿಸ್ಲಲ್ಲಿ’ ಎಂದರು.

ಕಾದೆ. ಮಳೆಗಾಲ ಹೋಗಿ ಚಳಿಗಾಲ ಬಂತು. ಒಂದು ಬೆಳಿಗ್ಗೆ ಬೀದಿಯ ತುಂಬ ವ್ಯಾನುಗಳು ನಿಂತವು. ಎದುರುಸಾಲಿನ ವಿಶಾಲಾಕ್ಷಿಯ ತಾರಸಿಯ ಮೇಲೆ ಕ್ಯಾಮರಾ ಏರಿತು. ಅಭಿರಾಮ ‘ಏಜೆಂಟ್ ಕಡಜ’ದ ಎರಡನೇ ಭಾಗ ತೆಗೆಯುತ್ತಿದ್ದಾನಂತೆ. ಮೊದಲನೆಯದನ್ನು ಯಾರೂ ಪೂರ್ತಿ ನೋಡದೆ ಇದ್ದದ್ದರಿಂದ ಬಂದ ಧೈರ್ಯವಿರಬೇಕು. ಹಿಂದೆ ಫೋಟೋ ಕೇಳಲು ಬಂದು ನಮ್ಮ ತಾರಸಿಯ ಮೇಲೆ ನಿಂತಾಗ ಕಂಡ ಹೆಂಚಿನ ಮನೆಗಳ ಸಾಲು ಅವನಿಗೆ ನೆನಪಿತ್ತು. ತೋರಿಸಿದವರ ನೆನಪಿರಲಿಲ್ಲ. ನೆನಪಿದ್ದರೂ ಇಲ್ಲದವನಂತಿದ್ದ.

ನಾಯಕಿ ಬೆಳಿಗ್ಗೆ ಬಂದು, ಕೆಂಪು ಜಾಕೀಟು ತೊಟ್ಟು ಮುಖದ ಶಾಟು ಕೊಟ್ಟು ಕಾರು ಹತ್ತಿ ಹೋದಳು. ಹಾರಾಟ ಸಂಜೆಯ ಬಿಸಿಲಿಗೆ. ಅದಕ್ಕೆ ಇನ್ನೊಬ್ಬರು ಸಿದ್ಧರಾಗುತ್ತಿದ್ದರು. ಆ ಇನ್ನೊಬ್ಬರು ವಿಗ್ಗನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಸೇದುತ್ತಿದ್ದ, ಮೀಸೆಯುಳ್ಳ ಗಂಡಸು! ಬೀಡಿ ಮುಗಿಸಿ, ಮೀಸೆಗೆ ಕರ್ಚೀಫು ಕಟ್ಟಿ, ವಿಗ್ ಏರಿಸಿ, ನಾಯಕಿ ಬಿಚ್ಚಿಕೊಟ್ಟ ಜಾಕೀಟನ್ನು ತೊಟ್ಟ. ಬೀದಿಯ ಜನವೆಲ್ಲ ಬಾಯಿ ಬಿಟ್ಟುಕೊಂಡು ನೋಡಿದರು. ಚೆನ್ನಾಜಮ್ಮ ಸಂಡಿಗೆ ಎತ್ತಿಡಲು ಮೇಲೆ ಬಂದವರು ತಮ್ಮದೇ ಜಾಕೀಟನ್ನು ನೋಡಿ ಅಲ್ಲೇ ನಿಂತರು.

‘ಆಕ್ಷನ್!’ ಎಂದ ಅಭಿರಾಮ. ಗಾಳಿ ಬೀಸಿತು. ನಾನು ಹೊರಳಿದೆ. ಇಳಿಬಿಸಿಲನ್ನು ಮೈತುಂಬ ತುಂಬಿಕೊಂಡು ನೆಟ್ಟಗೆ ಕ್ಯಾಮರಾದ ಕಣ್ಣಿಗೆ ಎರಚಿದೆ.

‘ಕಟ್! ಏನದು?’

ಮತ್ತೆ ತೆಗೆದರು, ಮತ್ತೆ ಎರಚಿದೆ. ಕ್ಯಾಮರಾ ಬಲಕ್ಕೆ ತಿರುಗಿಸಿದರೆ ಮೊಬೈಲ್ ಟವರು ಬೀಳುತ್ತಿತ್ತು, ಎಡಕ್ಕೆ ತಿರುಗಿಸಿದರೆ ನೀರಿನ ಟ್ಯಾಂಕುಗಳ ಸಾಲು. ಇದ್ದದ್ದು ನನ್ನ ದಿಕ್ಕೊಂದೇ. ಇಡೀ ಬೀದಿಯನ್ನು ಒಪ್ಪಿಸಿದ್ದ ಅವನ ಕಡೆಯವರು ಚೆನ್ನಾಜಮ್ಮನ ಮನೆಯ ಬಾಗಿಲು ಮಾತ್ರ ತಟ್ಟಿರಲಿಲ್ಲ. ಆ ಮನೆ ಬೇಡ ಎಂದು ಅಭಿರಾಮನೇ ಹೇಳಿದ್ದನಂತೆ. ಸಹಾಯಕನೊಬ್ಬ ಓಡಿಬಂದು ಕೆಳಗಿನಿಂದ ಕೂಗಿದ, ‘ಅಜ್ಜೀ, ಆ ಸಿಡಿ ಸ್ವಲ್ಪ ತೆಗೀತೀರಾ? ಲೆನ್ಸಿಗೆ ಹೊಡೀತಿದೆ.’

‘ತೆಗೀಬೋದು. ನಿಮ್ಮ ಯಜಮಾನ ಕೇಳ್ಲಿ’ ಎಂದರು ಚೆನ್ನಾಜಮ್ಮ.

ಯಜಮಾನ ಕೇಳಲಿಲ್ಲ. ಇನ್ನೆರಡು ಸಲ ತೆಗೆಯಲು ನೋಡಿದ. ನಾನು ಬಿಡಲಿಲ್ಲ. ಬಿಸಿಲು ಹೆಂಚಿನಿಂದ ಜಾರತೊಡಗಿದಾಗ ಅವನ ಕನ್ನಡಕ ಕೆಳಗಿಳಿಯಿತು. ಮೆಗಾಫೋನು ಹಿಡಿದು ತಾರಸಿಯ ಅಂಚಿಗೆ ಬಂದ.

‘ಅಮ್ಮಾ, ದಯವಿಟ್ಟು. ಬೆಳಕು ಹೋಗ್ತಿದೆ.’

‘ಹೋಗ್ಲಿ ಬಿಡು. ಆ ವಿಗ್ ಹಾಕ್ಕಂಡಿರೋ ಮಗಳು ಯಾರಪ್ಪ?’

ಕೆಳಗೆ ನೆರೆದ ಜನ ಗೊಳ್ಳೆಂದಿತು. ಅಭಿರಾಮ ಮುಖ ಒರೆಸಿಕೊಂಡ.

‘ನಿಮಗೇನು ಬೇಕು ಹೇಳಿ ಅಮ್ಮ, ಆಮೇಲೆ ಕೂತು ಮಾತಾಡೋಣ.’

‘ಆಮೇಲಿಂದು ಹೋದ್ಸಲ ಆಯ್ತಲ್ಲ. ಈಗ ಹೇಳು. ಹಳೇ ಕಡಜ ಯಾರು? ಆ ಕೊಳವೇಲೇ ಹೇಳು, ಬೀದಿಗೆಲ್ಲ ಕೇಳ್ಲಿ.’

‘ನೀವೇ.’

‘ನಂಗೊಂದು ಹೆಸರಿಲ್ವಾ?’

‘ಚೆನ್ನಾಜಮ್ಮ.’

‘ನೀನು ನಿಂತಿರೋ ತಾರಸಿ ವಿಶಾಲಾಕ್ಷೀದು. ಅವಳಿಗೆ ಕಿವಿ ಸ್ವಲ್ಪ ಮಂದ. ಜೋರಾಗಿ ಹೇಳು.’

ಅಭಿರಾಮ ಸೂರ್ಯನನ್ನು ನೋಡಿದ, ನನ್ನನ್ನು ನೋಡಿದ. ನಾನು ಇನ್ನೊಮ್ಮೆ ಹೊರಳಿ ಅವನ ಕಣ್ಣಿಗೇ ಬಡಿದೆ. ಅಷ್ಟು ಸುಖ ನನ್ನ ಜೀವಮಾನದಲ್ಲಿ ಮತ್ತೆ ಸಿಕ್ಕಿಲ್ಲ. ಅವನು ಕಣ್ಣು ಮುಚ್ಚಿಕೊಂಡು ಮೆಗಾಫೋನಿನಲ್ಲಿ ಅರಚಿದ: ‘ಹಳೇ ಕಡಜದಲ್ಲಿ ಹಾರಿದ್ದೆಲ್ಲ ಚೆನ್ನಾಜಮ್ಮನೋರೇ! ಕಾಲು ಮುರಿದಿದ್ದೂ ಅಲ್ಲೇ! ನಾನು ಹೇಳಿದ್ದು ಸುಳ್ಳು!’

ಜಬೀವುಲ್ಲಾ ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆದ. ಆಮೇಲೆ ಎಲ್ಲರೂ ಹೊಡೆದರು. ವಿಶಾಲಾಕ್ಷಿ ಮಾತ್ರ ಸೆರಗು ಸರಿಮಾಡಿಕೊಳ್ಳುತ್ತ ನೆಲ ನೋಡುತ್ತಿದ್ದಳು.

‘ಈಗ ನನ್ನ ಜಾಕೀಟು ಕೊಡು’ ಎಂದರು ಚೆನ್ನಾಜಮ್ಮ.

ಅಭಿರಾಮ ಬಾಯಿ ತೆರೆಯುವ ಮೊದಲೇ ಡೂಪಿನವನು ವಿಗ್ ಕಿತ್ತು ಕೆಳಗಿಟ್ಟು, ಜಾಕೀಟು ಬಿಚ್ಚಿ, ಮೆಟ್ಟಿಲಿಳಿದು ಬೀದಿ ದಾಟಿ ನಮ್ಮ ತಾರಸಿಗೆ ಬಂದ. ಮಡಚಿದ ಜಾಕೀಟನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ‘ನಮ್ಗೆ ಫೈಟ್ ಕಲಿಸಿದ ಮೇಷ್ಟ್ರು ನಿಮ್ಮ ಹೆಸ್ರು ಹೇಳೋರು ಅಮ್ಮ. ನೀವು ಇಲ್ಲಿರೋದು ಗೊತ್ತಿರ್ಲಿಲ್ಲ’ ಎಂದ. ಅಷ್ಟು ಹೊತ್ತು ಕಲ್ಲಿನಂತಿದ್ದ ಚೆನ್ನಾಜಮ್ಮನ ಕಣ್ಣು ಆಗ ತುಂಬಿತು. ಅವನ ಭುಜ ತಟ್ಟಿ, ‘ಹುಷಾರಾಗಿ ಹಾರು ಮಗ. ಇವ್ರನ್ನ ನಂಬಬೇಡ’ ಎಂದರು.

‘ಅಮ್ಮಾ, ಈಗಲಾದ್ರೂ ಸಿಡಿ ತೆಗೀರಿ!’ ಅಭಿರಾಮ ಅಲ್ಲಿಂದ ಕೂಗಿದ.

ಚೆನ್ನಾಜಮ್ಮ ಜಾಕೀಟನ್ನು ಹೆಗಲಿಗೆ ಹಾಕಿಕೊಂಡು ಸಂಡಿಗೆಯ ತಟ್ಟೆ ಎತ್ತಿಕೊಂಡರು. ‘ತೆಗುದ್ರೆ ಪಾರಿವಾಳ ಬರ್ತವೆ ಕಣಪ್ಪ’ ಎಂದು ಹೇಳಿ ಕೆಳಗಿಳಿದುಹೋದರು. ತೆಗೆದಿದ್ದರೂ ಅವನಿಗೆ ಉಪಯೋಗವಿರಲಿಲ್ಲ. ಬೆಳಿಗ್ಗೆ ನಾಯಕಿ ತೊಟ್ಟಿದ್ದ ಜಾಕೀಟು ಈಗ ನಮ್ಮದು, ಬಿಸಿಲು ಯಾರದೂ ಅಲ್ಲ. ವ್ಯಾನುಗಳು ಕತ್ತಲಾಗುವ ಮುಂಚೆ ಖಾಲಿಯಾದವು.

ಎರಡನೇ ಭಾಗ ಬಂತೋ ಇಲ್ಲವೋ ನನಗೆ ತಿಳಿಯದು. ಜಬೀವುಲ್ಲಾ ನಮ್ಮಂಥವರನ್ನೆಲ್ಲ ಗುಜರಿಗೆ ಹಾಕಿ ಮೊಬೈಲ್ ಅಂಗಡಿ ಇಟ್ಟ. ನಾನು ಮಾತ್ರ ಇಲ್ಲೇ ಇದ್ದೇನೆ. ವರ್ಷಗಳ ಬಿಸಿಲಿಗೆ ನನ್ನ ಬೆಳ್ಳಿ ಸುಲಿದುಹೋಗಿದೆ. ಬೆನ್ನ ಮೇಲಿನ ಹುಡುಗಿ ಅಳಿಸಿದ್ದಾಳೆ, ಒಳಗಿನ ಸುಳ್ಳೂ ಅವಳೊಡನೆ ಹೋಗಿದೆ. ಹೋದದ್ದಕ್ಕೆ ನನಗೆ ಎಳ್ಳಷ್ಟೂ ದುಃಖವಿಲ್ಲ. ಸುಳ್ಳು ಒಪ್ಪಿಸುತ್ತ ಹೊಳೆಯುವುದಕ್ಕಿಂತ ಹೀಗೆ ಬೋಳಾಗಿ ನೇತಾಡುವುದು ಎಷ್ಟೋ ವಾಸಿ. ಅಭಿರಾಮನನ್ನು ಕ್ಷಮಿಸಿದ್ದೇನೆಯೇ ಎಂದು ಕೇಳಬೇಡಿ. ಇಲ್ಲ.

ಈಗ ವಿಶಾಲಾಕ್ಷಿ ಸಂಜೆ ಹೊತ್ತು ನಮ್ಮ ತಾರಸಿಗೆ ಬಂದು ಕೂರುತ್ತಾಳೆ. ‘ಚೆನ್ನಾಜಮ್ಮ’ ಎಂದೇ ಕರೆಯುತ್ತಾಳೆ. ಮೊನ್ನೆ ನನ್ನ ದಾರದ ಮೇಲೆ ಪಾರಿವಾಳವೊಂದು ರಾಜಾರೋಷವಾಗಿ ಕೂತಿದ್ದನ್ನು ನೋಡಿ, ‘ಹೊಳಪೇ ಹೋಗಿದೆ, ಬಿಚ್ಚಿ ಎಸೀಬಾರ್ದಾ ಅದನ್ನ?’ ಎಂದಳು.

ಚೆನ್ನಾಜಮ್ಮ ಎದ್ದು ಬಂದು, ಸಡಿಲವಾಗಿದ್ದ ನನ್ನ ಗಂಟನ್ನು ಬಿಗಿಯಾಗಿ ಕಟ್ಟಿದರು.

‘ಇರ್ಲಿ ಬಿಡು. ಮೂರನೇದು ತೆಗೆಯಾಕೆ ಬಂದ್ರೆ ಬೇಕಾಯ್ತದೆ.’