ಚಿಲಕದ ಆಚೆ ಈಚೆ

ಮಗಳು ಶವಪೆಟ್ಟಿಗೆಯಲ್ಲಿ ಮಲಗಿಸಿದ್ದ ತಾಯಿಯ ಬಿಳಿಗೂದಲು ಬಾಚುತ್ತಿದ್ದಾಗ ಹೊಲಿಗೆ ಕಾರ್ಖಾನೆಯ ಹಳೆಯ ಗೆಳತಿಯರು ಒಬ್ಬರನ್ನೊಬ್ಬರು ತಳ್ಳಿಕೊಂಡು ಒಳಬಂದರು. ಎಂಬತ್ಮೂರಕ್ಕೆ ನಿದ್ದೆಯಲ್ಲೇ ಹೋದ ಜೀವ. ಅಳುವಿತ್ತು, ಗೋಳಾಟವಿರಲಿಲ್ಲ.

“ಅಂತೂ ಜಿಗಣೆ ಹಿಡಿತ ಬಿಟ್ಲಲ್ರೇ!” ಎಂದಳು ಅಲ್ಲಿ ಅಂಗಿಗಳಿಗೆ ಗುಂಡಿ ತೂರಿಸುವ ಕಾಜಾ ಹೊಲಿಯುತ್ತಿದ್ದವಳು, ಮೂಗೊರೆಸಿಕೊಳ್ಳುತ್ತ.

ಅಮ್ಮನಿಗೆ ಹೀಗೊಂದು ಹೆಸರಿದ್ದದ್ದು ಮಗಳಿಗೆ ಗೊತ್ತೇ ಇರಲಿಲ್ಲ. “ಜಿಗಣೆನಾ? ಯಾಕೆ ಚಿಕ್ಕಮ್ಮ?”

“ನಿಂಗಾಗ ಆರು ವರ್ಷ. ಕೂತ್ಕೋ, ಹೇಳ್ತೀನಿ.”

*

ಕಾರ್ಖಾನೆಗೆ ಬಂದಿದ್ದ ನರ್ಸು ಹೆಂಗಸರಿಗೆಲ್ಲ ಗರ್ಭಕಂಠದ ಪರೀಕ್ಷೆ ಮಾಡಿದ್ದಳು. ಇಬ್ಬರ ಚೀಟಿಯಲ್ಲಿ ಮಾತ್ರ ‘ಸ್ಪಷ್ಟವಿಲ್ಲ, ಮತ್ತೆ ಬನ್ನಿ’ ಎಂದಿತ್ತು: ಅಮ್ಮನದು, ಕಾಜಾದವಳದು.

“ಕ್ಯಾನ್ಸರ್ ಅಂತ ಬರೆದಿಲ್ವಲ್ಲ, ಸುಮ್ನಿರು,” ಎಂದ ಅಪ್ಪ.

“ಇಲ್ಲ ಅಂತಾನೂ ಬರೆದಿಲ್ಲ. ಅಳತೆ ಸರಿಯಾಗಿ ಸಿಗದೆ ಬಟ್ಟೆಗೆ ಕತ್ತರಿ ಹಾಕ್ತಾರಾ?”

ಎರಡನೇ ಸಲವೂ ಇಬ್ಬರಿಗೂ ಅದೇ ಉತ್ತರ. ಇನ್ನು ದೊಡ್ಡಾಸ್ಪತ್ರೆಗೇ ಹೋಗಬೇಕೆಂದರು. ಹೊರಡುವ ದಿನ ಕಾಜಾದವಳು ಕಾರ್ಖಾನೆಯ ಕಕ್ಕಸಿಗೆ ನುಗ್ಗಿ ಚಿಲಕ ಹಾಕಿಕೊಂಡಳು. “ಎಷ್ಟು ಸಲ ಮಾನ ಬಿಟ್ಟು ಮಲಗ್ಲಿ? ನಾ ಬರಲ್ಲ!”

ಅಮ್ಮ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಮೇಲ್ವಿಚಾರಕ ಬಂದು ಕೂಗಾಡಿದ.

“ಮಷಿನ್ ಕಾಯತ್ತೆ ಸಾರ್, ರೋಗ ಕಾಯಲ್ಲ.”

ಅವನು ಗೊಣಗುತ್ತ ಹೋದ ಮೇಲೆ ಬಾಗಿಲ ಸಂದಿಗೆ ಬಾಯಿಟ್ಟು ಪಿಸುಗುಟ್ಟಿದಳು: “ನಂಗೂ ಪುಕುಪುಕು ಅಂತಿದೆ ಕಣೇ. ಒಬ್ಳೇ ಹೋಗೋಕೆ ಆಗಲ್ಲ.”

ಸ್ವಲ್ಪ ಹೊತ್ತಿಗೆ ಚಿಲಕ ಸರಿಯಿತು.

ಡಾಕ್ಟರು ಭೂತಗನ್ನಡಿಯಂಥ ಯಂತ್ರದಲ್ಲಿ ನೋಡಿ, ಇಬ್ಬರಿಂದಲೂ ಎಳ್ಳಷ್ಟು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಅಮ್ಮನಿಗೆ ಏನೂ ಇರಲಿಲ್ಲ. ಕಾಜಾದವಳಿಗೆ ಮಾತ್ರ ಮುಂದೆ ಕ್ಯಾನ್ಸರ್ ಆಗಬಹುದಾದ ಜೀವಕೋಶಗಳಿದ್ದವು. ಒಂದೇ ದಿನದ ಚಿಕಿತ್ಸೆಯಲ್ಲಿ ಅವನ್ನು ತೆಗೆದುಹಾಕಿದರು. ಆಮೇಲೂ ತಪಾಸಣೆಯ ತಾರೀಕು ಬಂತೆಂದರೆ ಅಮ್ಮ ಅವಳ ಮನೆ ಬಾಗಿಲಲ್ಲಿ ಹಾಜರು.

*

“ಆಗಿನ್ನೂ ನಂಗೆ ಮದ್ವೆಯಾಗಿ ಒಂದು ವರ್ಷ. ಮಕ್ಕಳಾಗಿರ್ಲಿಲ್ಲ,” ಎಂದು ಕಾಜಾದವಳು ಮಾತು ಮುಗಿಸಿದಳು.

ಅಷ್ಟರಲ್ಲಿ ಶವದ ಗಾಡಿಯವನು ಏದುಸಿರು ಬಿಡುತ್ತ ಮೆಟ್ಟಿಲೇರಿ ಬಂದ. “ಗಾಡಿ ಕೆಳಗಿದೆ. ನಾಲ್ಕು ಹೆಗಲು ಬೇಕು.”

ಒಬ್ಬಳೇ ಮಗಳು ಸುತ್ತಲೂ ನೋಡಿದಳು.

ಕಾಜಾದವಳು ಬಾಗಿಲಾಚೆ ತಿರುಗಿದಳು. “ಬನ್ರೋ ಇಲ್ಲಿ!”

ಇಬ್ಬರು ಗಂಡುಮಕ್ಕಳು, ಹಿಂದೆಯೇ ಅವಳಿ ಹೆಣ್ಣುಮಕ್ಕಳು ಒಳಗೆ ಬಂದರು. ನಾಲ್ವರೂ ಅವಳ ಮಕ್ಕಳೇ. ಬಗ್ಗಿ, ಪೆಟ್ಟಿಗೆಯನ್ನು ಹೆಗಲಿಗೇರಿಸಿಕೊಂಡರು.

ಕಡಿದಾದ ಮೆಟ್ಟಿಲಿನ ತಿರುವಿನಲ್ಲೂ ಪೆಟ್ಟಿಗೆ ವಾಲಲಿಲ್ಲ. ಎಪ್ಪತ್ನಾಲ್ಕರ ಕಾಜಾದವಳು ಎಲ್ಲರಿಗಿಂತ ಮುಂದೆ ಕೈಬೀಸಿ ಜನರನ್ನು ಚದುರಿಸುತ್ತ ಇಳಿಯುತ್ತಿದ್ದಳು. “ದಾರಿ ಬಿಡ್ರೀ! ನಮ್ಮ ಜಿಗಣೆ ಬರ್ತಿದ್ದಾಳೆ, ದಾರಿ ಬಿಡ್ರೀ!”