ನನ್ನ ಪಾಲಿನ ಮಗ್ಗುಲು

ನನ್ನ ತಮ್ಮ ಸೋಮಶೇಖರನನ್ನು ನಾನು ನಂಬುವುದಿಲ್ಲ. ಪಾಲಾದಾಗ ಹೊಲ, ಬಾವಿ, ಮನೆ ಎಲ್ಲಕ್ಕೂ ಗಟ್ಟಿಯಾಗಿ ಗೆರೆ ಹಾಕಿಸಿಕೊಂಡೆ. ಕೊನೆಗೆ ಉಳಿದದ್ದು ಅಪ್ಪ ಮೈಕ್‌ಸೆಟ್ ನಡೆಸುತ್ತಿದ್ದ ಕಾಲದ ಹಾಡು ಹಾಕುವ ರೆಕಾರ್ಡ್ ಪೆಟ್ಟಿಗೆ, ಮತ್ತೆ ಒಡೆಯದೆ ಉಳಿದಿದ್ದ ಒಂದೇ ಒಂದು ಹಾಡಿನ ಪ್ಲೇಟು. ಇಬ್ಬರಿಗೂ ಬೇಕು, ಇಬ್ಬರೂ ಬಿಡೆವು. ದೊಡ್ಡಗಾಜನೂರಿನ ಯಜಮಾನರು ತಲೆ ಕೆರೆದುಕೊಂಡು, "ಮುಂದ್ಲ ಮಗ್ಗುಲು ತಮ್ಮನ್ಗೆ, ಇಂದ್ಲ ಮಗ್ಗುಲು ಅಣ್ಣನ್ಗೆ. ಒಬ್ಬರ್ದ ಇನ್ನೊಬ್ರು ಮುಟ್ಬ್ಯಾಡಿ" ಎಂದು ಎದ್ದು ಹೋದರು. ಅಂದಿನಿಂದ ಅವ್ವ, ಪೆಟ್ಟಿಗೆ, ಪ್ಲೇಟು ಮೂರೂ ಒಂದು ತಿಂಗಳು ನನ್ನ ಮನೆಯಲ್ಲಿ, ಒಂದು ತಿಂಗಳು ಗೋಡೆಯಾಚೆ ಅವನ ಮನೆಯಲ್ಲಿ.

ಅವನ ಮಗ್ಗುಲಲ್ಲಿ ಮಾದಪ್ಪನ ಪದ. ನನ್ನದರಲ್ಲಿ ರಾಗಿ ಬೀಸುವ ಪದ, ಅದೆಂದರೆ ಅವ್ವನಿಗೆ ಪ್ರಾಣ. ತಮ್ಮನ ಮಗಳು ದಿವ್ಯ ಒಮ್ಮೆ ಅದೇ ಪದವನ್ನು ಫೋನಿನಲ್ಲಿ ಹುಡುಕಿ ಕೇಳಿಸಿದ್ದಳು. ಅವ್ವ ಮುಖ ತಿರುಗಿಸಿದಳು.

"ಮುಳ್ಳು ಕೂತ್ಮೇಲೆ ಕರಕರ ಅಂತದಲ್ಲ, ಆಗ ನಿಮ್ ತಾತ ಬಂದು ಪಕ್ಕದಲ್ಲಿ ಕುಂತಂಗಾಯ್ತದೆ ಕಣವ್ವ. ಇದ್ರಲ್ಲಿ ಅದೆಲ್ಲದೆ?"

ನನಗೂ ಅಷ್ಟೇ. ಪ್ಲೇಟನ್ನು ಅಂಚಿನಲ್ಲಿ ಹಿಡಿದು, ಹಳೇ ಪಂಚೆಯಲ್ಲಿ ಒರೆಸಿ, ಉಸಿರು ಬಿಗಿಹಿಡಿದು ಮುಳ್ಳು ಇಳಿಸುವಾಗ ನನ್ನ ಕೈ ಅಪ್ಪನ ಕೈಯಾಗುತ್ತದೆ.

ಯುಗಾದಿ ಕಳೆದ ಮೇಲೆ, ಅವ್ವ ಅವನ ಮನೆಯಲ್ಲಿದ್ದ ತಿಂಗಳು, ಗೋಡೆಯಾಚೆಯಿಂದ ಬೀಸುವ ಪದ ಕೇಳಿಸಿತು. ಕಿವಿಯಿಟ್ಟೆ. ಅವ್ವನ ದನಿ. ಪ್ಲೇಟು ಓಡುವಾಗ ಜೊತೆಗೂಡಿ ಹೇಳುವುದು ಅವಳ ಚಾಳಿ. ಅಂದರೆ ನನ್ನ ಮಗ್ಗುಲು ಓಡುತ್ತಿದೆ! ಅಯ್ಯೋ ಕಳ್ಳ! ಬೆಳಗಾದರೆ ಹಣೆ ತುಂಬ ವಿಭೂತಿ, ಮಾಡುವುದು ಇಂಥ ಕೆಲಸ.

"ಓಗಿ ಕೇಳ್ಬುಡಿ" ಎಂದಳು ನನ್ನ ಹೆಂಡತಿ ಲೋಕೇಶ್ವರಿ. ಕೇಳಿದರೆ ಒಪ್ಪುವ ಆಸಾಮಿಯೇ ಅವನು? ಸಾಕ್ಷಿ ಬೇಕು. ಮುಂದಿನ ಸರದಿಗೆ ಕಳಿಸುವ ಮುಂಚೆ ವಿಭೂತಿಯನ್ನು ನೀರಲ್ಲಿ ಕಲಸಿ, ನನ್ನ ಮಗ್ಗುಲಿನ ಗೀರುಗಳೊಳಗೆ ಬೆರಳಿಂದ ತಿಕ್ಕಿ ಒಣಗಿಸಿದೆ. ಮುಳ್ಳು ಓಡಿದರೆ ಅದರಲ್ಲಿ ಗೆರೆ ಬೀಳಲೇಬೇಕು. ಸಿಕ್ಕಿಬೀಳಲಿ ಮಗ!

ಆ ತಿಂಗಳೂ ಪದ ಕೇಳಿಸಿತು. ಹಲ್ಲು ಕಚ್ಚಿಕೊಂಡು ಕಾದೆ.

ಇವತ್ತು ಬೆಳಿಗ್ಗೆ ಅವ್ವ ಬಂದಳು. ಪ್ಲೇಟನ್ನು ಬಿಸಿಲಿಗೆ ಹಿಡಿದು ನೋಡಿದೆ. ಗೀರುಗಳಲ್ಲಿ ವಿಭೂತಿ ತುಂಬಿದ ಹಾಗೇ ಇತ್ತು. ಒಂದೇ ಒಂದು ಗೆರೆಯಿಲ್ಲ.

"ಅವ್ವ, ಸೋಮ ಬೀಸೋ ಪದ ಆಕ್ತಿರ್ನಿಲ್ವಾ?"

"ಎಲ್ಲಿ ಆಕ್ದ? ಎಷ್ಟ್ ಗೋಗರೆದ್ರೂ, ಅದು ಅಣ್ಣನ್ ಪಾಲು ಕಣವ್ವ, ನಾ ಮುಟ್ಟಕಿಲ್ಲ ಅಂದ. ದಿನಾ ಪಕ್ಕದಲ್ಲಿ ಕುಂತ್ಕಂಡು, ಪದವ ನೀನೇ ಏಳವ್ವ ಅಂತ ನನ್ ಕೈಲೇ ಏಳುಸ್ತಿದ್ದ."

ಹಿತ್ತಲಿಗೆ ಓಡಿ ಪ್ಲೇಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆ. ಮೇಲಿನದು ಹೋಯಿತು. ಗೀರಿನೊಳಗಿನದು ಗಟ್ಟಿಯಾಗಿ ಕೂತುಬಿಟ್ಟಿತ್ತು.

ಅವ್ವ ಆಗಲೇ ಪೆಟ್ಟಿಗೆಯ ಮುಂದೆ ಕಾಲು ಚಾಚಿ, ಸೆರಗು ಸರಿಮಾಡಿಕೊಂಡು ಕೂತಿದ್ದಳು. "ಬ್ಯಾಗ ಆಕ್ಲಾ ಜಡೇಸ್ವಾಮಿ, ಕೇಳಿ ತಿಂಗ್ಳಾಯ್ತು."

ಮುಳ್ಳು ಇಳಿಸಿದೆ. ಕರಕರ. ಕರಕರ. ಪದ ಬರಲಿಲ್ಲ, ಬರಿ ಕರಕರ. ಮುಳ್ಳು ಎತ್ತಲು ಕೈ ಚಾಚಿದೆ.

ಅವ್ವ ನನ್ನ ಕೈ ಹಿಡಿದುಕೊಂಡಳು. ಅವಳ ಮುಖದ ತುಂಬ ನಗು.

"ತಡ್ಕಳ್ಲಾ, ಈಗ ಸುರುವಾಯ್ತದೆ."