ಯಂತ್ರಕ್ಕೆ ಮಾಡಿದ ಸನ್ಮಾನ

ಸೈರನ್ ಕಂಬವನ್ನು ಕಿತ್ತು ಹೊಳೆಗೆ ಎಸೆಯಲು ಊರಿಗೆ ಊರೇ ಬಂದಿತ್ತು. ಸುಂತಲಿ ಕಂಬಕ್ಕೆ ಬೆನ್ನು ಕೊಟ್ಟು ನಿಂತಿದ್ದಳು. ಹೋದ ಮಳೆಗಾಲ ಹೊಳೆ ಅವಳ ಮಗಳನ್ನು ಹೊತ್ತೊಯ್ದಾಗ ಎಚ್ಚರಿಸಲು ಏನೂ ಇರಲಿಲ್ಲ. ಈಗ ಮೇಲಿನ ಸೇತುವೆಗೆ ಒಂದು ಡಬ್ಬಿ ಕಟ್ಟಿದ್ದಾರೆ. ಅದು ಮೇಲಿನಿಂದಲೇ ಕೆಳಗಿನ ನೀರಿನ ಮಟ್ಟ ಅಳೆದು, ತಂತಿಯಿಲ್ಲದೆ ಸುದ್ದಿ ಕಳಿಸುತ್ತದೆ. ನೀರು ಏರಿದರೆ ಇಲ್ಲಿ ಸೈರನ್ ಕೂಗುತ್ತದೆ. ಇನ್ನೊಬ್ಬರ ಮಗು ಹೋಗಬಾರದು, ಸುಂತಲಿಗೆ ಬೇಕಾಗಿದ್ದದ್ದು ಅಷ್ಟೇ.

ಆದರೆ ಹಾಳಾದ್ದು ಸುಡು ಬಿಸಿಲಲ್ಲಿ ಕೂಗಿತ್ತು. ಊರೆಲ್ಲ ದಾಲ್-ಭಾತ್ ತಟ್ಟೆ ಬಿಟ್ಟು ಗುಡ್ಡ ಹತ್ತಿ, ಬೆಪ್ಪಾಗಿ ಇಳಿದು ಬಂದಿತ್ತು.

"ಆಚೆ ಸರಿ ದಿದಿ. ಇದು ನಮ್ಮನ್ನ ಮಂಗ ಮಾಡ್ತಿದೆ," ಎಂದ ಗಿರಣಿಯ ಮಾನ್‌ಬಹಾದುರ್.

"ಮುಟ್ಟಿ ನೋಡು, ಕೈ ಮುರೀತೀನಿ. ಮೊದ್ಲು ಮೇಲೆ ಹೋಗಿ ನೋಡೋಣ ಬಾ."

ಸೇತುವೆಯ ಮೇಲೆ ನೋಡಿದರೆ ಡಬ್ಬಿಗೆ ಖಾದಾ, ಅಂದರೆ ಸನ್ಮಾನದ ರೇಷ್ಮೆ ಶಲ್ಯ, ಹೊದಿಸಿದ್ದರು. ಉದ್ಘಾಟನೆಯ ದಿನ ವಾರ್ಡ್ ಅಧ್ಯಕ್ಷ ಅತಿಥಿಗಳ ಜೊತೆ ಯಂತ್ರಕ್ಕೂ ಸನ್ಮಾನ ಮಾಡಿದ್ದ. ಈಗ ಗಂಟು ಸಡಿಲವಾಗಿ ಖಾದಾ ಡಬ್ಬಿಯ ಕೆಳಗೆ ಜೋತುಬಿದ್ದಿತ್ತು. ಯಂತ್ರ ಆ ಬಟ್ಟೆಯನ್ನೇ ಏರಿದ ನೀರೆಂದು ಅಳೆದಿತ್ತು. ಸುಂತಲಿಗೆ ಮೈಯೆಲ್ಲ ಉರಿದುಹೋಯಿತು. ಖಾದಾ ಕಿತ್ತು ತಂದು ಅಧ್ಯಕ್ಷನ ಮುಖದೆದುರು ಹಿಡಿದಳು.

"ಡಬ್ಬಿಗೆ ಸನ್ಮಾನ ಮಾಡೋ ಬುದ್ಧಿ ಯಾರು ಕೊಟ್ರು ನಿಮ್ಗೆ?"

"ಒಳ್ಳೇದಾಗ್ಲಿ ಅಂತ ಮಾಡಿದ್ದು ಬಹಿನಿ. ಸರ್ಕಾರದ ವಸ್ತು ಮುಟ್ಟಿದ್ದು ನಿನ್ನ ತಪ್ಪು."

ಸುತ್ತ ಇದ್ದವರು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಕಂಬವೇನೋ ಉಳಿಯಿತು, ಅದರ ಮಾತಿಗೆ ಬೆಲೆ ಉಳಿಯಲಿಲ್ಲ.

ಅದೇ ವಾರ ಸೈರನ್ ಮತ್ತೆ ಕೂಗಿತು. ಇಲ್ಲಿ ಬಿಸಿಲು, ಮೇಲಿನ ಬೆಟ್ಟದಲ್ಲಿ ಕಪ್ಪು ಮೋಡ. ದಂಡೆಯ ಚಹಾದಂಗಡಿಯಲ್ಲಿ ಇಸ್ಪೀಟು ಆಡುತ್ತಿದ್ದವರು ಕದಲಲಿಲ್ಲ.

"ಅಧ್ಯಕ್ಷರೇ, ಮತ್ತೆ ಸನ್ಮಾನ ಮಾಡಿದ್ರಾ?" ಎಂದ ಮಾನ್‌ಬಹಾದುರ್. ಅಧ್ಯಕ್ಷನೂ ನಕ್ಕ.

ಸುಂತಲಿ ಓಡಿಬಂದು ಅಂಗಡಿಯ ಒಲೆಯ ಪಕ್ಕದ ಸೌದೆ ಎಳೆದುಕೊಂಡಳು. "ಏಳ್ರೋ ದರಿದ್ರದವ್ರಾ," ಎನ್ನುತ್ತ ಸಿಕ್ಕಿದವರ ಬೆನ್ನಿಗೆ ಬಾರಿಸಿದಳು. ಮನೆಮನೆಯ ಬಾಗಿಲು ಬಡಿದು, ಹೆಂಗಸರು ಮಕ್ಕಳೆನ್ನದೆ ಎಲ್ಲರನ್ನೂ ದನ ಅಟ್ಟಿದ ಹಾಗೆ ಗುಡ್ಡಕ್ಕೆ ಅಟ್ಟಿದಳು. ಬೈಯುತ್ತಲೇ ಹತ್ತಿದವರು ಮೇಲೆ ನಿಂತು ತಿರುಗಿ ನೋಡಿದರೆ ಚಹಾದಂಗಡಿ ಇದ್ದಲ್ಲಿ ಕೆಸರು ನೀರು ಬಂಡೆಗಳನ್ನು ಉರುಳಿಸುತ್ತಿತ್ತು.

ಸುಂತಲಿ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದಳು. ಮಕ್ಕಳೆಲ್ಲ ಇದ್ದರು. ಆಮೇಲೆ ಅಧ್ಯಕ್ಷನ ಎದುರು ನಿಂತು, ಬಲವಾಗಿ ಇನ್ನೊಂದು ಏಟು ಬಿಟ್ಟಳು.

"ಈಗ್ಯಾಕೆ ಹೊಡೀತೀಯ ಬಹಿನಿ, ಬಂದ್ನಲ್ಲ?"

"ಹೋದ ವರ್ಷ ಈ ಸೈರನ್ ತರ್ಸದೇ ಇದ್ದದ್ದಕ್ಕೆ," ಎಂದಳು.